ತಾತ ಸೈಕಲ್ ನಡೆಸಿ ನೋಡಿದ ಮಧ್ಯಾಹ್ನ

ಸೈಕಲ್ ಚೈನಿನ ಎಣ್ಣೆ ವಾಸನೆ ಬಡಿದರೆ ಇವತ್ತಿಗೂ ಮುಳಬಾಗಿಲಿನ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಅಲ್ಲಿದ್ದ ಹಾಸನದ ಕಡೆಯ ಮೇಷ್ಟ್ರೊಬ್ಬರು ತಮ್ಮ ಹಳೆಯ ರೇಸ್ ಸೈಕಲ್ ಮಾರುತ್ತಿದ್ದರು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಬೆರಳಗಲದ ಟೈರು. ನನಗೆ ಅದು ಬೇಕೇ ಬೇಕಿತ್ತು. "ಮಾರೋರ ಮುಂದೆ ಚೆನ್ನಾಗಿದೆ ಅಂದ್ಬಿಟ್ಟೀಯ, ಜೋಕೆ ಕಣೇ," ಎಂದು ತಾತ ಬೈರಕೂರಿನಲ್ಲಿ ಬಸ್ ಹತ್ತುವಾಗಲೇ ಹೇಳಿದ್ದ.

ತಾತನಿಗೆ ಗೊತ್ತಿದ್ದದ್ದು ಎತ್ತು ನೋಡುವ ವಿದ್ಯೆ. ಹ್ಯಾಂಡಲ್ ಮುಟ್ಟದೆ, ಸೀಟನ್ನಷ್ಟೇ ಹಿಡಿದು ಸೈಕಲನ್ನು ಮೇಷ್ಟ್ರ ಮನೆ ಅಂಗಳದುದ್ದಕ್ಕೂ ನಡೆಸಿದ. "ಹಗ್ಗ ಬಿಟ್ರೂ ನೆಟ್ಟಗೆ ನಡೀಬೇಕು, ಎತ್ತಾದ್ರೂ ಅಷ್ಟೇ." ಅದು ಗೆರೆ ಎಳೆದಂತೆ ಹೋಯಿತು.

"ಬಣ್ಣ ಹೋಗ್ಯದೆ ಮೇಷ್ಟ್ರೇ, ಟೈರೂ ಸವೆದದೆ," ಎಂದು ತಾತ ಮುಖ ಸಿಂಡರಿಸಿದ. ಹಾಸನದವರಿಗೆ ತೆಲುಗು ಎಲ್ಲಿ ಬರಬೇಕು ಎಂಬ ಧೈರ್ಯದಲ್ಲಿ ನನ್ನ ಕಡೆ ತಿರುಗಿ, "ಬಂಗಾರದಂಥ ಬಂಡಿ, ನೀನು ಅಳುಮುಖ ಹಾಕ್ಕೊಂಡಿರು," ಎಂದು ತೆಲುಗಿನಲ್ಲಿ ಪಿಸುಗುಟ್ಟಿದ.

ಮೇಷ್ಟ್ರು ನಕ್ಕರು. "ನಮ್ಮನೆಯವಳು ಪುಂಗನೂರಿನವಳು ಯಜಮಾನ್ರೇ. ನನಗೆ ದಿನಾ ಬೈಗುಳ ತೆಲುಗಲ್ಲೇ."

ತಾತ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಹಂಗಾದ್ರೆ ರೇಟು ನೀವೇ ಹೇಳ್ಬಿಡಿ ಸಾಮಿ."

ಊರಿಗೆ ತಾತ ಒಬ್ಬನೇ ಬಸ್ ಹತ್ತಿದ. ಅಷ್ಟೊತ್ತಿಗೆ ನಾನು ಮುಳಬಾಗಿಲಿನಾಚೆಯ ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನೇ ಬಿಟ್ಟು ಹಾರುತ್ತಿದ್ದೆ.