ಜೇಬಿನ ಮೂಲೆ

"ಒಂದೇ ಒಂದು ಸಲ ಒಗೆದಿದ್ದು ಕಣ್ರೀ! ಯಾವನ್ರೀ ಇದನ್ನ ಹೊಲಿದಿದ್ದು? ಕೈಯಲ್ಲಿ ಹೊಲಿದ್ನೋ, ಕಾಲಲ್ಲಿ ಹೊಲಿದ್ನೋ?" ಎನ್ನುತ್ತ ಎದುರಿನ ಮೊಬೈಲ್ ಅಂಗಡಿಯ ಮೋಹನ್ ತನ್ನ ಹೊಸ ಅಂಗಿಯನ್ನು ಅಂತೋಣಪ್ಪನ ಹೊಲಿಗೆ ಮೆಷಿನ್ನಿನ ಮೇಲೆ ಎಸೆದ. ಉದಯಗಿರಿಯ ಆ ಪುಟ್ಟ ಅಂಗಡಿಗೆ ಈಗ ಹೊಸ ಬಟ್ಟೆ ಹೊಲಿಸಲು ಯಾರೂ ಬರುವುದಿಲ್ಲ, ಬರುವುದೆಲ್ಲ ರಿಪೇರಿ. ಬಯ್ಯಲು ಕೈಗೆ ಸಿಗುವ ದರ್ಜಿ ಅವನೊಬ್ಬನೇ ಆದ್ದರಿಂದ ಜಗತ್ತಿನ ದರ್ಜಿಗಳ ಪಾಲಿನ ಬೈಗುಳವೆಲ್ಲ ಅವನಿಗೇ.

ಅಂತೋಣಪ್ಪ ಕನ್ನಡಕ ಏರಿಸಿಕೊಂಡು ನೋಡಿದ. ಕಂಕುಳಲ್ಲಿ ಬಿಚ್ಚಿತ್ತು, ಪಕ್ಕದ ಹೊಲಿಗೆ ಬಿಟ್ಟುಕೊಂಡಿತ್ತು, ಎರಡು ಗುಂಡಿ ನಾಪತ್ತೆ. ಜೇಬಿನ ಹತ್ತಿರ ಬಂದಾಗ ಅವನ ಬೆರಳು ನಿಂತುಬಿಟ್ಟಿತು. ಮೂಲೆಯಲ್ಲಿ ಒಂದು ಚಿಕ್ಕ ತ್ರಿಕೋನ, ತುದಿಯಲ್ಲಿ ಎರಡು ಹೊಲಿಗೆ ಹೆಚ್ಚಿಗೆ. ಮದುವೆಯಾದ ಹೊಸದರಲ್ಲಿ ಇದೇ ಮೆಷಿನ್ನಿನ ಮುಂದೆ ಕೂರಿಸಿ ಹೆಂಡತಿ ಆರೋಗ್ಯಮ್ಮನಿಗೆ ಅವನೇ ಕಲಿಸಿದ್ದ ತ್ರಿಕೋನ ಅದು.

ಆರೋಗ್ಯಮ್ಮ ಹದಿನಾಲ್ಕು ವರ್ಷದಿಂದ ಕಡಕೊಳದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಲ್ಲಿ ಒಬ್ಬರಿಗೆ ಒಂದೇ ಕೆಲಸ, ಇವಳದು ಜೇಬು. ಗಂಟೆಗೆ ತೊಂಬತ್ತು ಜೇಬು ಕೂರಿಸಬೇಕು. ಉಳಿದವರು ಮೂಲೆಗೆ ನೇರ ಹೊಲಿಗೆ ಹಾಕಿ ಮುಂದೆ ತಳ್ಳುತ್ತಿದ್ದರು. ಇವಳು ಮಾತ್ರ ತ್ರಿಕೋನ ಬಿಡದೆ ಎಂಬತ್ತರಲ್ಲೇ ಉಳಿಯುತ್ತಿದ್ದಳು. ನಿನ್ನೆ ಸೂಪರ್‌ವೈಸರ್ ಎಲ್ಲರ ಮುಂದೆ, "ತ್ರಿಕೋನ ಬಿಡು, ಇಲ್ಲಾಂದ್ರೆ ಮೆಷಿನ್ ಬಿಟ್ಟು ಹೆಲ್ಪರ್ ಹುಡುಗಿಯರ ಜೊತೆ ದಾರ ಕತ್ತರಿಸೋಕೆ ಕೂತ್ಕೊ" ಎಂದಿದ್ದ. ರಾತ್ರಿ ಊಟಕ್ಕೆ ಕೂತಾಗ ಅವಳು ಅದನ್ನು ಗಂಡನಿಗೆ ಹೇಳಿಕೊಂಡಿದ್ದಳು. "ಬಿಟ್ಬುಡು ಅತ್ಲಾಗೆ, ಮೂಲೆನ ಯಾರು ನೋಡ್ತಾರೆ?" ಎಂದು ಬೆಳಿಗ್ಗೆ ಬುದ್ಧಿ ಹೇಳಿ ಕಳಿಸಿದವನು ಇದೇ ಅಂತೋಣಪ್ಪ.

"ಈ ಜೇಬು ಹಿಡಿದು ಎಳೀರಿ" ಎಂದ ಮೋಹನನಿಗೆ. "ಶಕ್ತಿ ಇದ್ದಷ್ಟೂ ಎಳೀರಿ."

ಮೋಹನ್ ಹಲ್ಲು ಕಚ್ಚಿ ಎಳೆದ. ಪಕ್ಕದ ಬಟ್ಟೆ ಚರ್ರನೆ ಹರಿಯಿತು. ಜೇಬಿನ ಮೂಲೆ ಜಗ್ಗಲಿಲ್ಲ.

"ಎಷ್ಟು ಕೊಟ್ರಿ ಇದಕ್ಕೆ?"

"ಆಫರಲ್ಲಿತ್ತು. ಐನೂರಕ್ಕೆ ಎರಡು."

"ಕಮ್ಮಿಗೆ ಸಿಕ್ತು ಅಂತ ಖುಷಿಪಟ್ರಿ. ಆ ಕಮ್ಮಿ ಎಲ್ಲಿಂದ ಬಂತು ಅಂದ್ಕೊಂಡ್ರಿ? ಲಡ್ಡು ಹಿಡಿದ ದಾರ ಕೊಟ್ಟು, ದೂರ ದೂರ ಹೊಲಿಗೆ ಹಾಕ್ಸಿ, ಹೊಲಿಯೋರನ್ನ ನೀರು ಕುಡಿಯೋಕೂ ಏಳೋಕೆ ಬಿಡದೆ ಬಂದಿದ್ದು. ಬಯ್ಯೋದಾದ್ರೆ ಹಂಗೆ ಹೊಲಿಸಿದವನನ್ನ ಬಯ್ರಿ. ಹೊಲಿದವಳನ್ನಲ್ಲ."

"ಹೊಲಿದವಳಾ? ಯಾರು ಅಂತ ನಿಮಗೆಂಗ್ರೀ ಗೊತ್ತು?"

"ಈ ಜೇಬು ಹೊಲಿದವಳು ನಮ್ಮನೆಯವಳು" ಎಂದ ಅಂತೋಣಪ್ಪ, ಪಕ್ಕದ ಗ್ಯಾರೇಜಿನವರಿಗೂ ಕೇಳುವಷ್ಟು ಜೋರಾಗಿ. ಮೋಹನ್ ಅಂಗಿಯನ್ನು ರಿಪೇರಿಗೆ ಬಿಟ್ಟು ಹೋದ.

ಸಂಜೆ ಫ್ಯಾಕ್ಟರಿ ಬಸ್ಸಿಳಿದು ಆರೋಗ್ಯಮ್ಮ ಅಂಗಡಿಗೆ ಬಂದಳು. ಅಂಗಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಅಂತೋಣಪ್ಪ ಮಗುವಿನಂತೆ ಕಾಯುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ಇವತ್ತು ಗಂಟೆಗೆ ತೊಂಬತ್ತೆರಡು ಆಯ್ತು ಕಣ್ರೀ. ನೀವು ಹೇಳ್ದಂಗೆ ತ್ರಿಕೋನ ಬಿಟ್ಬುಟ್ಟೆ. ಸೂಪರ್‌ವೈಸರ್ ಗುಡ್ ಅಂದ."

ಅವಳ ಮುಖದಲ್ಲಿ ಮಾತ್ರ ಗುಡ್ ಅನ್ನುವಂಥದ್ದೇನೂ ಇರಲಿಲ್ಲ. ಅಂತೋಣಪ್ಪನಿಗೆ ನಾಚಿಕೆಯಾಯಿತು. ಅಂಗಿಯನ್ನು ಅವಳ ಕೈಗೆ ಕೊಟ್ಟು, "ನಾನು ಹಂಗೆ ಹೇಳಬಾರದಿತ್ತು, ತಪ್ಪಾಯ್ತು. ಇದನ್ನ ನೋಡು" ಎಂದ.

ಆರೋಗ್ಯಮ್ಮ ಬಿಚ್ಚಿದ ಹೊಲಿಗೆಗಳನ್ನೆಲ್ಲ ತಡವುತ್ತ ಬಂದು ಮೂಲೆಯ ಮೇಲೆ ಹೆಬ್ಬೆರಳಿಟ್ಟಳು. ಬಹಳ ದಿನದ ಮೇಲೆ ನಕ್ಕಳು.

"ನಾಳೆಯಿಂದ ಮತ್ತೆ ಹಾಕ್ತೀನಿ."

"ದಾರ ಕತ್ತರಿಸೋಕೆ ಕೂರಿಸಿದ್ರೆ?"

"ಕೂರಿಸ್ಲಿ. ಆದ್ರೆ ಎಲ್ಲರ ಮುಂದೆ ಬಾಯ್ಬಿಟ್ಟು ಹೇಳಿ ಕೂರಿಸ್ಲಿ, ಆರೋಗ್ಯಮ್ಮ ಹೊಲಿದ ಜೇಬು ಕಿತ್ತೋಗಲ್ಲ, ಅದೇ ಅವಳ ತಪ್ಪು ಅಂತ."