ಕಾರು ಕಲಿಯುವ ಹೊತ್ತು

ಬೆಳಿಗ್ಗೆ ಚಟ್ನಿ ರುಬ್ಬುತ್ತಿದ್ದೆ. ಹೊರಗಿನಿಂದ ನಮ್ಮವರು ಕೂಗಿದರು.

"ಮಿಕ್ಸಿ ನಿಲ್ಸೇ. ಇಲ್ಲಿ ಕಾರು ಕಲೀತಾ ಇದೆ."

ನಿಲ್ಲಿಸಿ ಹೊರಗೆ ಬಂದೆ. ಮಗಳೂ ನನ್ನ ಹಿಂದೆಯೇ ಬಂದಳು. ಕಾರಿನ ಎಂಜಿನ್ ನಡೆಸುವ ಇಸಿಎಂ ಪೆಟ್ಟಿಗೆ ಕೆಟ್ಟಿತ್ತು. ಮೆಕ್ಯಾನಿಕ್ ಹೊಸದನ್ನು ಕೂರಿಸಿ, ಲ್ಯಾಪ್‌ಟಾಪಿಗೆ ಜೋಡಿಸಿ ಹೊಂದಿಸುತ್ತಿದ್ದ. ಎಂಜಿನ್ ಒಮ್ಮೆ ಗುರ್ರೆಂದು ಏರುತ್ತಿತ್ತು, ಒಮ್ಮೆ ಇನ್ನೇನು ನಿಂತೇ ಹೋಯಿತು ಎನ್ನುವಷ್ಟು ಇಳಿಯುತ್ತಿತ್ತು.

"ಒಂಚೂರು ಆಕ್ಸಿಲರೇಟರ್ ಕೊಡ್ಲೇನಪ್ಪಾ?" ಸ್ಟೀರಿಂಗ್ ಮುಂದೆ ಕೂತಿದ್ದ ನಮ್ಮವರು ಕೇಳಿದರು.

"ಆಗ್ಲೇ ಹೇಳಿದ್ನಲ್ಲ ಸಾರ್, ಎಂಜಿನ್ ಒಂದೇ ಸಮ ಓಡಿಸೋದನ್ನ ಅದು ತಾನಾಗೇ ಕಲೀಬೇಕು. ಮಧ್ಯೆ ನೀವು ತುಳಿದ್ರೆ ಮತ್ತೆ ಮೊದಲಿಂದ ಶುರು ಮಾಡುತ್ತೆ."

ಅವರು ಕಾಲು ಹಿಂದಕ್ಕೆಳೆದುಕೊಂಡರು. ಮೊಬೈಲನ್ನೂ ಸೈಲೆಂಟಿಗೆ ಹಾಕಿ, ಪೂಜೆಗೆ ಕೂತವರಂತೆ ಕೈಕಟ್ಟಿ ಕೂತರು.

"ಅಪ್ಪಾ, ನಾ... ನಾನು..."

ಮಗಳಿಗೆ ಮಾತು ಉಗ್ಗುತ್ತದೆ. ಅವಳ ಮಾತನ್ನು ಮುಗಿಸಿಕೊಡುವುದು ಯಾವಾಗಲೂ ಅವರೇ.

"ಸ್ಕೂಲಿಗೆ ಹೊತ್ತಾಯ್ತು, ಅಷ್ಟೇ ತಾನೆ? ಬರ್ತೀನಿ, ಒಳಗ್ಹೋಗು."

ಅವಳು ಅಲ್ಲವೆಂದು ತಲೆಯಾಡಿಸಿ ಬಾಯಿ ಮುಚ್ಚಿಕೊಂಡಳು. ಆದರೆ ಒಳಗೆ ಹೋಗಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತೆ.

ತುಂಬ ಹೊತ್ತಾದ ಮೇಲೆ ಎಂಜಿನ್ ಒಂದೇ ಸಮನೆ ಓಡತೊಡಗಿತು. ನಮ್ಮವರ ಮುಖ ಅರಳಿತು.

"ನೋಡಿದ್ಯಾ? ಅವಸರ ಮಾಡದೆ ಬಿಟ್ರೆ ಹೇಗೆ ಕಲೀತು, ಪಾಪ" ಎಂದು ಸ್ಟೀರಿಂಗ್ ಸವರಿದರು.

ಮಗಳು ಕಾರಿನ ಕಿಟಕಿಯ ಹತ್ತಿರ ಹೋದಳು.

"ಅಪ್ಪಾ, ನಾ... ನಾನು ಮಾತಾಡುವಾಗ್ಲೂ ಹೀ... ಹೀಗೇ ಕಾಯ್ತೀಯಾ?"