ಮುನಿಗಂಗಮ್ಮನ ಗೆರೆಗಳು

ಪರದೆಯ ಮೇಲೆ ಸಣ್ಣಗೆ ತುಳುಕುತ್ತ ಸಾಗುತ್ತಿದ್ದ ಗೆರೆಗಳು ಒಮ್ಮೆಲೇ ಮುಳ್ಳುಬೇಲಿಯಂತೆ ಕೆದರಿಕೊಂಡಾಗ ಶಶಿರೇಖಾಳ ಎದೆ ಧಸಕ್ಕೆಂದಿತು. ತಲೆತುಂಬ ವೈರು ಅಂಟಿಸಿಕೊಂಡು ಕಣ್ಣುಮುಚ್ಚಿ ಮಲಗಿದ್ದವಳು ಅವಳ ಅತ್ತೆ ಮುನಿಗಂಗಮ್ಮ. ಹೋದ ವಾರ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮುದುಕಿ ಕುಸಿದುಬಿದ್ದದ್ದು ಮೂರ್ಛೆರೋಗದಿಂದಲೋ ಏನೋ ಎಂದು ನೋಡಲು ಡಾಕ್ಟರು ಮೆದುಳಿನ ಇಇಜಿ ಪರೀಕ್ಷೆ ಬರೆದುಕೊಟ್ಟಿದ್ದರು.

"ಏನ್ ಮೇಡಂ ಅದು? ಫಿಟ್ಸಾ?"

ಗೆರೆಗಳು ಅಡಗಿದವು, ಮತ್ತೆ ಕೆದರಿದವು. ಟೆಕ್ನಿಶಿಯನ್ ಅಕ್ಷತ ಪರದೆ ಬಿಟ್ಟು ಮುದುಕಿಯ ಕೆನ್ನೆಯನ್ನೇ ನೋಡತೊಡಗಿದಳು.

"ಅಜ್ಜಿ, ಬಾಯಲ್ಲಿ ಏನಿಟ್ಕೊಂಡಿದೀರಾ?"

"ಏನೂ ಇಲ್ಲ ಕಣವ್ವಾ."

"ಅಜ್ಜೀ..."

ಮುನಿಗಂಗಮ್ಮ ಕಣ್ಣು ಬಿಡದೆಯೇ ಪಿಸುಗುಟ್ಟಿದಳು: "ಒಂದೇ ಒಂದು ಚೂರು ಅಡಿಕೆ. ನನ್ ಸೊಸೆಗೆ ಮಾತ್ರ ಹೇಳ್ಬೇಡ."

ಅಕ್ಷತ ನಗು ತಡೆದುಕೊಂಡು, ಬಟ್ಟಲು ಹಿಡಿದು ಉಗುಳಿಸಿದಳು. ಗೆರೆಗಳು ತಣ್ಣಗಾದವು. "ಅದು ದವಡೆ ಆಡಿಸಿದ್ದಕ್ಕೆ ಬಂದಿದ್ದು ಅಕ್ಕಾ, ಮೆದುಳಿಂದಲ್ಲ," ಎಂದಳು. ಪೂರ್ತಿ ಪರೀಕ್ಷೆ ನೋಡಿದ ಡಾಕ್ಟರೂ ಮೂರ್ಛೆಯ ಗುರುತೇನೂ ಇಲ್ಲ, ಬಿಸಿಲಿಗೆ ಬಿಪಿ ಇಳಿದಿರಬೇಕು ಎಂದರು.

ಹತ್ತು ವರ್ಷದಿಂದ ಅತ್ತೆಯ ಎಲೆಅಡಿಕೆ ಚೀಲವನ್ನು ಅಟ್ಟದಲ್ಲಿ, ಅಕ್ಕಿ ಡ್ರಮ್ಮಿನಲ್ಲಿ ಬಚ್ಚಿಡುತ್ತ, ಬೈಯುತ್ತ ಬಂದಿದ್ದ ಶಶಿರೇಖಾ ಆಸ್ಪತ್ರೆಯ ಗೇಟು ದಾಟಿದವಳೇ ಬೀಡಾ ಅಂಗಡಿಯ ಮುಂದೆ ನಿಂತಳು. ಮುನಿಗಂಗಮ್ಮ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

"ಎರಡು ಎಳೇ ವೀಳ್ಯದೆಲೆ ಕೊಡಪ್ಪಾ," ಎಂದಳು ಸೊಸೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಸುಣ್ಣ ಇತ್ತ ಕೊಡು, ನಾನೇ ಹಚ್ಕೊಡ್ತೀನಿ."